ಮುತ್ಯಾನ ವಹಿ ಮತ್ತು ಅಜ್ಮೇರಿ ಗೇಟಿನ ಶಾಲೆ

ದೆಹಲಿಗೆ ಬಂದು ಹದಿನೆಂಟು ವರ್ಷಗಳಾದರೂ ಅಜ್ಮೇರಿ ಗೇಟ್ ಎಂದರೆ ನಮ್ಮ ಪಾಲಿಗೆ ನವದೆಹಲಿ ರೈಲು ನಿಲ್ದಾಣದ ಒಂದು ಬದಿಯ ಹೆಸರು ಮಾತ್ರವಾಗಿತ್ತು. ವರ್ಷಕ್ಕೊಮ್ಮೆ ರಜೆ ಮಂಜೂರಾಗಿ, ಕರ್ನಾಟಕ ಎಕ್ಸ್‌ಪ್ರೆಸ್ ಹಿಡಿದು ಕಲಬುರಗಿಗೆ ಹೊರಡುವಾಗ, ಆಟೋದ ಪಕ್ಕದಲ್ಲಿ ಕೆಂಪು ಕಲ್ಲಿನ ಎತ್ತರದ ಗೋಡೆಯೊಂದು ಹಾದುಹೋಗುತ್ತಿತ್ತು. ಅದರ ಹಿಂದೆ ಏನಿದೆಯೆಂದು ಕೇಳುವ ವ್ಯವಧಾನ ನಮಗಿರಲಿಲ್ಲ. ಗಾಡಿ ತಪ್ಪೀತೆಂಬ ಆತಂಕವೇ ದೊಡ್ಡದಾಗಿತ್ತು. ಆ ಗೋಡೆಯ ಹಿಂದೆ, ಮುನ್ನೂರು ವರ್ಷಗಳಿಗೂ ಹಳೆಯದಾದ ಕಟ್ಟಡದಲ್ಲಿ, ಇಂದಿಗೂ ಒಂದು ಶಾಲೆ ನಡೆಯುತ್ತಿದೆಯೆಂದು ನಮಗೆ ತಿಳಿದದ್ದು ಹೋದ ಚಳಿಗಾಲದಲ್ಲಿ. ತಿಳಿಯಲು ಕಾರಣವಾದದ್ದು ನಮ್ಮ ಮುತ್ಯಾನ ವಹಿ.

ಮುತ್ಯಾ ಎಂದರೆ ನಮ್ಮ ಕಡೆ ಅಜ್ಜ. ಊರಿನ ಹಳೆಯ ಮನೆಯ ಮಾಳಿಗೆ ಸೋರತೊಡಗಿದಾಗ ಸಾಮಾನುಗಳನ್ನೆಲ್ಲ ಹೊರಗಿಡಬೇಕಾಯಿತು. ಒಂದು ಪೆಟ್ಟಿಗೆಯ ತಳದಲ್ಲಿ, ಕೆಂಪು ಬಟ್ಟೆಯಲ್ಲಿ ಸುತ್ತಿದ್ದ ಉದ್ದನೆಯ ಲೆಕ್ಕದ ಪುಸ್ತಕವೊಂದು ಸಿಕ್ಕಿತು. ಬಲದಿಂದ ಎಡಕ್ಕೆ ಸಾಗುವ ಬರವಣಿಗೆ. ಮುತ್ಯಾ ಓದಿದ್ದು ನಿಜಾಮರ ಆಳಿಕೆಯಲ್ಲಿ, ಉರ್ದು ಶಾಲೆಯಲ್ಲಿ. ನಮ್ಮ ತಂದೆಯವರು ಹುಟ್ಟಿದ್ದು ಪೊಲೀಸ್ ಕಾರ್ಯಾಚರಣೆಯ ಮರುವರ್ಷ. ಅವರು ಕನ್ನಡ ಶಾಲೆಗೆ ಹೋದವರು. ಹೀಗಾಗಿ ತಂದೆಯ ಕೈಬರಹವನ್ನು ಮಗನೇ ಓದಲಾರದ ಮನೆ ನಮ್ಮದು. “ಏನಿರ್ತದ, ಜೋಳ ತೊಗರಿ ಲೆಕ್ಕ ಇರ್ತದ. ದಿಲ್ಲಿಯೊಳಗ ಯಾರರ ಓದೋರು ಸಿಗ್ತಾರೇನು ನೋಡು,” ಎಂದು ತಂದೆಯವರು ಅದನ್ನು ನಮ್ಮ ಚೀಲದೊಳಗಿಟ್ಟರು.

ವಹಿ ಆರು ತಿಂಗಳು ರಾಮಕೃಷ್ಣಪುರದ ಸರ್ಕಾರಿ ವಸತಿಗೃಹದ ಕಪಾಟಿನಲ್ಲಿತ್ತು. ಬಳಗದ ಹಿರಿಯ ಮಿತ್ರರೊಬ್ಬರಿಗೆ ಒಂದು ಸಂಜೆ ಅದನ್ನು ತೋರಿಸಿದಾಗ ಅವರು ಹೇಳಿದ್ದಿಷ್ಟು: “ಅಜ್ಮೇರಿ ಗೇಟಿನ ಆಂಗ್ಲೋ ಅರೇಬಿಕ್ ಶಾಲೆಗೆ ಹೋಗಿ ನೋಡಿ. ಓದುವವರು ಸಿಕ್ಕರೆ ಸರಿ, ಸಿಗದಿದ್ದರೂ ನಷ್ಟವಿಲ್ಲ. ಆ ಶಾಲೆಯ ಮೂಲಪುರುಷನ ಮಗನೇ ನಿಮ್ಮ ಮುತ್ಯಾನ ಸೀಮೆಯನ್ನು ಆಳಿದ ಮನೆತನವನ್ನು ಸ್ಥಾಪಿಸಿದವನು.” ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡಿ ಕಡತಗಳ ನಡುವೆ ನೆಲೆಸಿದ ನಮಗೆ ಇತಿಹಾಸದ ಓದು ಕಡಿಮೆ. ಹೋಗುವ ಮೊದಲು ಹದಿನೈದು ದಿನ ಗ್ರಂಥಾಲಯದಲ್ಲಿ ಕುಳಿತು ಓದಿಕೊಂಡೆವು.

ಡಿಸೆಂಬರಿನ ಒಂದು ರಜಾದಿನ, ಎಂಟನೆಯ ತರಗತಿಯ ಮಗಳನ್ನು ಕರೆದುಕೊಂಡು ಮೆಟ್ರೋ ಹತ್ತಿ, ಹೌಜ್ ಖಾಸ್‌ನಲ್ಲಿ ಗಾಡಿ ಬದಲಿಸಿ, ನ್ಯೂ ಡೆಲ್ಲಿ ನಿಲ್ದಾಣದಲ್ಲಿ ಇಳಿದೆವು. ಹಮಾಲರು, ತಳ್ಳುಗಾಡಿಗಳು, ನಲ್ಲಿ ಪೈಪುಗಳ ಅಂಗಡಿಗಳನ್ನೆಲ್ಲ ದಾಟಿ ಮಹಾದ್ವಾರವನ್ನು ಹೊಕ್ಕರೆ ಗದ್ದಲವೆಲ್ಲ ಬೆನ್ನ ಹಿಂದೆ ಉಳಿಯಿತು. ವಿಶಾಲವಾದ ಅಂಗಳ, ಸುತ್ತಲೂ ಎರಡು ಅಂತಸ್ತಿನ ಕಮಾನುಗಳ ಸಾಲು. ಒಂದೊಂದು ಕಮಾನಿನ ಹಿಂದೆಯೂ ಒಂದೊಂದು ಕೋಣೆ. ಒಂದು ಕಾಲಕ್ಕೆ ವಿದ್ಯಾರ್ಥಿಗಳೂ ಗುರುಗಳೂ ವಾಸವಾಗಿದ್ದ ಕೋಣೆಗಳವು. ಪಶ್ಚಿಮಕ್ಕೆ ಮೂರು ಗುಮ್ಮಟಗಳ ಕೆಂಪು ಮಸೀದಿ. ಅದರ ಪಕ್ಕದಲ್ಲಿಯೇ ಕಲ್ಲಿನ ಜಾಲಂಧ್ರಗಳ ಆವರಣದೊಳಗೆ ಶಾಲೆಯನ್ನು ಕಟ್ಟಿಸಿದವನ ಸಮಾಧಿ. “ಇಲ್ಲಿನ ಮಕ್ಕಳು ಸಮಾಧಿಯ ಪಕ್ಕದಲ್ಲೇ ಆಡ್ತಾರಾ ಅಪ್ಪಾ?” ಎಂದು ಮಗಳು ಕೇಳಿದಳು. ಆಡುತ್ತಾರೆ, ಕಟ್ಟಿಸಿದವನಿಗೂ ಅದೇ ಬೇಕಾಗಿತ್ತೇನೋ ಎನ್ನಿಸಿತು.

ಅವನ ಹೆಸರು ಮೀರ್ ಶಿಹಾಬುದ್ದೀನ್. ಬಿರುದು ಗಾಜಿಉದ್ದೀನ್ ಖಾನ್ ಫಿರೋಜ್ ಜಂಗ್. ಔರಂಗಜೇಬನ ಸೇನಾನಿಗಳಲ್ಲಿ ಮುಂಚೂಣಿಯವನು. ದೆಹಲಿಯ ಈ ಅಂಗಳದಲ್ಲಿ ಮಲಗಿರುವವನ ಬಾಳಿನ ಮುಖ್ಯ ಘಟನೆಗಳು ನಡೆದದ್ದು ನಮ್ಮ ನೆಲದಲ್ಲಿ. 1685ರಲ್ಲಿ ಮೊಗಲರು ವಿಜಯಪುರಕ್ಕೆ ಮುತ್ತಿಗೆ ಹಾಕಿದಾಗ ಅವರ ಪಾಳೆಯದಲ್ಲೇ ಕ್ಷಾಮ ಬಿತ್ತು. ಹಸಿದು ಕಂಗೆಟ್ಟಿದ್ದ ರಾಜಕುಮಾರ ಆಜಮನ ಸೈನ್ಯಕ್ಕೆ, ದಾರಿಯುದ್ದಕ್ಕೂ ಕಾದಾಡುತ್ತ, ಧಾನ್ಯದ ಹೇರುಗಳನ್ನು ತಲುಪಿಸಿದವನು ಇವನು. 1686ರ ಸೆಪ್ಟೆಂಬರಿನಲ್ಲಿ ಸಿಕಂದರ್ ಆದಿಲ್ ಶಾಹ ಶರಣಾದನು. ಗೋಲಗುಮ್ಮಟವನ್ನು ಕಟ್ಟಿದ ರಾಜ್ಯ ಅಲ್ಲಿಗೆ ಮುಗಿಯಿತು. ಎರಡು ವರ್ಷಗಳ ನಂತರ ಆದವಾನಿಯನ್ನು ಗೆದ್ದವನೂ ಇವನೇ. ಅದೇ ವರ್ಷದ ಕೊನೆಗೆ ವಿಜಯಪುರದಲ್ಲಿ ಮಹಾಮಾರಿ ಹಬ್ಬಿತು. ಬಾದಶಹನ ಬೇಗಮಳೊಬ್ಬಳು ಅದಕ್ಕೆ ಬಲಿಯಾದಳು, ಫಿರೋಜ್ ಜಂಗ್ ಬದುಕಿ ಉಳಿದನಾದರೂ ಎರಡೂ ಕಣ್ಣುಗಳನ್ನು ಕಳೆದುಕೊಂಡನು. ಕುರುಡನಾದ ಮೇಲೂ ಅವನು ಇಪ್ಪತ್ತು ವರ್ಷಗಳ ಕಾಲ ಸೇನೆಯನ್ನು ನಡೆಸಿದನು, ಸುಬಾಗಳನ್ನು ಆಳಿದನು. 1710ರಲ್ಲಿ ಅಹಮದಾಬಾದಿನಲ್ಲಿ ತೀರಿಕೊಂಡಾಗ ಅವನ ದೇಹವನ್ನು ದೆಹಲಿಗೆ ತಂದು ಅವನದೇ ಮದರಸಾದಲ್ಲಿ ಮಣ್ಣು ಮಾಡಿದರು.

ಆ ಮದರಸಾ ಎದ್ದದ್ದು 1690ರ ದಶಕದಲ್ಲಿ ಎನ್ನುತ್ತಾರೆ. ಎಂದರೆ ಅವನ ಕಣ್ಣು ಹೋದ ಮೇಲೆ. ತಾನು ನೋಡಲಾಗದ ಕಮಾನುಗಳನ್ನು, ತಾನು ಓದಲಾಗದ ಪುಸ್ತಕಗಳಿಗಾಗಿ, ಅವನು ಕಟ್ಟಿಸಿದನು. ನಮ್ಮ ವಿಜಯಪುರವನ್ನು ಮುರಿದವನಲ್ಲವೇ ಎಂದು ಮನಸ್ಸು ಒಂದು ಕ್ಷಣ ಮುನಿದರೂ, ಆ ಜಾಲಂಧ್ರದ ಮುಂದೆ ಬಹಳ ಹೊತ್ತು ಮುನಿದು ನಿಲ್ಲಲು ಆಗಲಿಲ್ಲ. ಅವನ ಮಗ ಮೀರ್ ಕಮರುದ್ದೀನನೇ ಮುಂದೆ ಹೈದರಾಬಾದಿನ ಮೊದಲ ನಿಜಾಮನಾದನು. ಕಲಬುರಗಿ, ಬೀದರ, ರಾಯಚೂರುಗಳು ಆ ಮನೆತನದ ಆಳಿಕೆಯಿಂದ ಹೊರಬಂದದ್ದು 1948ರ ಸೆಪ್ಟೆಂಬರಿನಲ್ಲಿ. ನಮ್ಮ ಮುತ್ಯಾ ಬಳಪ ಹಿಡಿದದ್ದು ಅವರ ರಾಜ್ಯದಲ್ಲಿ.

ಆದರೆ ಈ ಅಂಗಳದ ಕಥೆ ಒಬ್ಬ ಸೇನಾನಿಯದಷ್ಟೇ ಅಲ್ಲ. ಮೊಗಲರ ಕಾಲ ಮುಗಿಯುತ್ತ ಬಂದಂತೆ ಮದರಸಾ ಕಳೆಗುಂದಿತ್ತು. 1825ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಇಲ್ಲಿಯೇ ದೆಹಲಿ ಕಾಲೇಜನ್ನು ತೆರೆದರು. ಮೂರು ವರ್ಷಗಳ ಮೇಲೆ ಇಂಗ್ಲಿಷ್ ತರಗತಿಗಳೂ ಸೇರಿದವು. 1829ರಲ್ಲಿ ಲಖನೌದ ಮಂತ್ರಿ ಇತಿಮಾದುದ್ದೌಲನು ಈ ಕಾಲೇಜಿಗೆಂದು 1,70,000 ರೂಪಾಯಿ ದಾನವಿತ್ತನು. ಇಲ್ಲಿ ನಡೆದ ಒಂದು ಪ್ರಯೋಗವನ್ನು ಕುರಿತು ಓದಿದಾಗ ನಾವು ಪುಸ್ತಕವನ್ನು ಮುಚ್ಚಿಟ್ಟು ಸುಮ್ಮನೆ ಕುಳಿತೆವು. 1835ರಲ್ಲಿ ಮೆಕಾಲೆಯ ಟಿಪ್ಪಣಿ ಬಂದು, ಹೊಸ ವಿದ್ಯೆಯೆಲ್ಲ ಇಂಗ್ಲಿಷಿನಲ್ಲೇ ಎಂಬ ನೀತಿ ನೆಲೆಯೂರಿತಷ್ಟೆ. ದೆಹಲಿ ಕಾಲೇಜು ಮಾತ್ರ ಅದಕ್ಕೆ ಪೂರ್ತಿಯಾಗಿ ಮಣಿಯಲಿಲ್ಲ. ಗಣಿತ, ಖಗೋಳ, ಭೌತವಿಜ್ಞಾನಗಳನ್ನು ಅದು ಉರ್ದುವಿನಲ್ಲಿ ಕಲಿಸಿತು. ಪ್ರಾಂಶುಪಾಲನಾಗಿದ್ದ ಫೀಲಿಕ್ಸ್ ಬೂತ್ರೋ, ಅವನ ನಂತರ ಬಂದ ಆಸ್ಟ್ರಿಯಾದ ಅಲೋಯ್ಸ್ ಸ್ಪ್ರೆಂಗರ್ ಇವರ ಕಾಲದಲ್ಲಿ ಪಠ್ಯಗಳ ಅನುವಾದಕ್ಕೆಂದೇ ಒಂದು ಸಂಘ ದುಡಿಯಿತು. ಪೇಟೆಯಲ್ಲಿ ಆಡುವ ಮಾತಿನಲ್ಲಿಯೇ ಗ್ರಹಗಳ ಚಲನೆಯನ್ನೂ ಹೇಳಬಹುದೆಂದು ಆ ಜನ ನಂಬಿದ್ದರು.

ಆ ನಂಬಿಕೆಯ ಫಲ ಮಾಸ್ಟರ್ ರಾಮಚಂದ್ರ. 1821ರಲ್ಲಿ ಪಾನಿಪತ್ತಿನಲ್ಲಿ ಹುಟ್ಟಿ, ಇಲ್ಲಿಯೇ ಓದಿ, ಇಲ್ಲಿಯೇ ವಿಜ್ಞಾನದ ಮೇಷ್ಟರಾದವರು. ಬೀಜಗಣಿತ, ತ್ರಿಕೋನಮಿತಿಗಳ ಬಗ್ಗೆ ಉರ್ದುವಿನಲ್ಲಿ ಬರೆದರು. ಹೊಸ ವಿಚಾರಗಳನ್ನು ಸಾಮಾನ್ಯರಿಗೆ ಮುಟ್ಟಿಸಲು ಪತ್ರಿಕೆಗಳನ್ನು ನಡೆಸಿದರು. ಗರಿಷ್ಠ ಕನಿಷ್ಠಗಳ ಲೆಕ್ಕಗಳನ್ನು ಕಲನಶಾಸ್ತ್ರದ ನೆರವಿಲ್ಲದೆ ಬರಿಯ ಬೀಜಗಣಿತದಿಂದಲೇ ಬಿಡಿಸುವ ವಿಧಾನವೊಂದನ್ನು ಕುರಿತು ಅವರು ಇಂಗ್ಲಿಷಿನಲ್ಲಿ ಬರೆದ ಗ್ರಂಥ 1850ರಲ್ಲಿ ಕಲ್ಕತ್ತೆಯಲ್ಲಿ ಅಚ್ಚಾಯಿತು. ಅದು ಲಂಡನ್ನಿನ ಗಣಿತಜ್ಞ ಆಗಸ್ಟಸ್ ಡಿ ಮಾರ್ಗನ್ನನ ಕೈ ಸೇರಿ, ಅವನದೇ ಮುನ್ನುಡಿಯೊಂದಿಗೆ 1859ರಲ್ಲಿ ಅಲ್ಲಿ ಮರುಮುದ್ರಣಗೊಂಡಿತು. ಭಾರತೀಯರ ಬುದ್ಧಿಗೆ ಸಹಜವಾದದ್ದು ಬೀಜಗಣಿತ, ಆ ದಾರಿಯಿಂದಲೇ ಅವರನ್ನು ಹೊಸ ಗಣಿತಕ್ಕೆ ಕರೆದೊಯ್ಯಬೇಕು ಎಂಬುದು ರಾಮಚಂದ್ರರ ನಿಲುವಾಗಿತ್ತು. ಇದ್ದಲ್ಲಿಂದಲೇ ಹೊರಡಬೇಕೆಂಬ ಈ ಮಾತು ಗಣಿತಕ್ಕೆ ಮಾತ್ರ ಸಲ್ಲುವುದಲ್ಲ. ಮುಂದೆ ಉರ್ದು ಗದ್ಯವನ್ನು ಕಟ್ಟಿದ ಮುಹಮ್ಮದ್ ಹುಸೇನ್ ಆಜಾದ್, ನಜೀರ್ ಅಹ್ಮದ್, ಜಕಾಉಲ್ಲಾ ಮೂವರೂ ಈ ಕಾಲೇಜಿನ ವಿದ್ಯಾರ್ಥಿಗಳು.

ಕವಿ ಗಾಲಿಬನೂ ಇಲ್ಲಿನ ಪರ್ಷಿಯನ್ ಅಧ್ಯಾಪಕನಾಗಬೇಕಿತ್ತು. 1842ರಲ್ಲಿ ಸಂದರ್ಶನಕ್ಕೆಂದು ಪಲ್ಲಕ್ಕಿಯಲ್ಲಿ ಬಂದವನು, ಸರ್ಕಾರದ ಕಾರ್ಯದರ್ಶಿ ಹೊರಬಂದು ಎದುರುಗೊಳ್ಳಲಿಲ್ಲವೆಂದು ಒಳಗೇ ಹೋಗಲಿಲ್ಲ. ದರಬಾರಿಗೆ ಅತಿಥಿಯಾಗಿ ಬಂದಾಗ ಆ ಮರ್ಯಾದೆ, ನೌಕರಿಗೆ ಬಂದಾಗ ಅದು ಸಲ್ಲದು ಎಂದು ಸಾಹೇಬನು ವಿವರಿಸಿದನಂತೆ. ನೌಕರಿಯಿಂದ ಮಾನ ಹೆಚ್ಚೀತೆಂದು ಬಂದೆ, ಇದ್ದದ್ದೂ ಕಡಿಮೆಯಾಗುವುದಾದರೆ ಬೇಡವೆಂದು ಗಾಲಿಬ್ ಹಿಂದಿರುಗಿದನಂತೆ. ಇಪ್ಪತ್ತು ವರ್ಷಗಳ ಸರ್ಕಾರಿ ಸೇವೆಯ ಅಂಚಿನಲ್ಲಿರುವ ನಾವು ಈ ಪ್ರಸಂಗವನ್ನು ಕಚೇರಿಯಲ್ಲಿ ಯಾರಿಗೂ ಹೇಳಿಲ್ಲ.

1840ರ ದಶಕದಲ್ಲಿ ಕಾಲೇಜು ಕಾಶ್ಮೀರಿ ಗೇಟಿನ ಬಳಿಯ, ದಾರಾ ಶಿಕೋಹನ ಗ್ರಂಥಾಲಯವೆಂದು ಹೆಸರಾದ ಕಟ್ಟಡಕ್ಕೆ ಸ್ಥಳಾಂತರಗೊಂಡಿತು. 1857ರ ಮೇ ತಿಂಗಳಲ್ಲಿ ದಂಗೆಯೆದ್ದಾಗ ಪ್ರಾಂಶುಪಾಲ ಫ್ರಾನ್ಸಿಸ್ ಟೇಲರ್ ಹತನಾದನು, ಗ್ರಂಥಾಲಯ ಸೂರೆಹೋಯಿತು. ಬ್ರಿಟಿಷರು ನಗರವನ್ನು ಮರಳಿ ವಶಪಡಿಸಿಕೊಂಡಾಗ ಇಲ್ಲಿನ ಪರ್ಷಿಯನ್ ಪಂಡಿತ ಇಮಾಮ್ ಬಖ್ಶ್ ಸಹಬಾಯಿ ಅವರ ಗುಂಡಿಗೆ ಬಲಿಯಾದನು. ಮುಚ್ಚಿದ ಕಾಲೇಜು 1864ರಲ್ಲಿ ಮತ್ತೆ ತೆರೆದು 1877ರಲ್ಲಿ ಮತ್ತೆ ಮುಚ್ಚಿತು. ಅಜ್ಮೇರಿ ಗೇಟಿನ ಮದರಸಾ ಕೆಲಕಾಲ ಪೊಲೀಸರ ಪಾಲಾಗಿ, ಆ ಶತಮಾನದ ಕೊನೆಯ ಭಾಗದಲ್ಲಿ ಆಂಗ್ಲೋ ಅರೇಬಿಕ್ ಶಾಲೆಯಾಗಿ ಪುನಃ ಮಕ್ಕಳ ಕೈಗೆ ಬಂತು. ಶಾಲೆಯೊಂದಿಗೆ ಕಾಲೇಜೂ ಬೆಳೆಯಿತು. 1947ರ ಗಲಭೆಗಳು ಇದನ್ನೂ ಬಿಡಲಿಲ್ಲ. ಮರುವರ್ಷ ಮಿರ್ಜಾ ಮಹಮೂದ್ ಬೇಗ್ ಅವರ ಮುಂದಾಳ್ತನದಲ್ಲಿ ಕಾಲೇಜು ದೆಹಲಿ ಕಾಲೇಜೆಂಬ ಹಳೆಯ ಹೆಸರಿನಿಂದಲೇ ಎದ್ದು ನಿಂತಿತು. 1975ರಲ್ಲಿ ಅದಕ್ಕೆ ಜಾಕಿರ್ ಹುಸೇನರ ಹೆಸರಿಟ್ಟರು. 1986ರಲ್ಲಿ ಅದು ಹೊಸ ಕಟ್ಟಡಕ್ಕೆ ಹೋಯಿತು. ಶಾಲೆ ಹಳೆಯ ಅಂಗಳದಲ್ಲಿಯೇ ಉಳಿಯಿತು. 2012ರಲ್ಲಿ ಮೊದಲ ಬಾರಿಗೆ ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯಿತು. ಈ ಕೊನೆಯ ಸಂಗತಿಯನ್ನು ಹೇಳಿದಾಗ ಮಗಳು, “ಅಷ್ಟು ತಡವಾಗಿಯಾ?” ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ.

ದೆಹಲಿ ಕಾಲೇಜಿನ ಪ್ರಯೋಗ ದೆಹಲಿಯಲ್ಲಿ ಸತ್ತರೂ ದಖ್ಖನ್ನಿನಲ್ಲಿ ಹುಟ್ಟಿಬಂತು. 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ವೈದ್ಯಕೀಯವೂ ವಿಜ್ಞಾನವೂ ಸೇರಿ ಎಲ್ಲವೂ ಉರ್ದುವಿನಲ್ಲಿ. ಅದರ ಭಾಷಾಂತರ ವಿಭಾಗವನ್ನು ನಡೆಸಿದ ಮೌಲ್ವಿ ಅಬ್ದುಲ್ ಹಕ್ಕರೇ ಅಗಲಿದ ದೆಹಲಿ ಕಾಲೇಜಿನ ಚರಿತ್ರೆಯನ್ನು ಬರೆದವರು. ದೇಶಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಸಾಧ್ಯವೆಂದು ತೋರಿಸಿದ ಆ ಸಾಹಸಕ್ಕೆ ನಾವು ತಲೆಬಾಗುತ್ತೇವೆ. ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ ಪತ್ರಿಕೆಯನ್ನು ಕನ್ನಡದಲ್ಲಿ ಹೊರತರುತ್ತಿದ್ದುದೂ ಆ ಹೊತ್ತಿನಲ್ಲಿಯೇ. ಆದರೆ ಹೈದರಾಬಾದ್ ಸಂಸ್ಥಾನದಲ್ಲಿ ಉರ್ದು ಮನೆಮಾತಾಗಿದ್ದವರು ಕೆಲವರು. ತೆಲುಗು, ಮರಾಠಿ, ಕನ್ನಡ ಮನೆಮಾತಾಗಿದ್ದವರು ಬಹಳ ಮಂದಿ. ದೆಹಲಿಯ ಹುಡುಗನಿಗೆ ಮನೆಯ ಮಾತಾಗಿದ್ದದ್ದು ಕಲಬುರಗಿಯ ಒಕ್ಕಲಿನ ಹುಡುಗನಿಗೆ ಸರ್ಕಾರದ ಮಾತು. ಒಂದೇ ಭಾಷೆ ಅಲ್ಲಿ ಬಾಗಿಲಾಯಿತು, ಇಲ್ಲಿ ಗೋಡೆಯಾಯಿತು. ಅದರ ತಪ್ಪು ಭಾಷೆಯದಲ್ಲ. ಮಗು ಯಾವ ಮಾತಿನಿಂದ ಹೊರಡುತ್ತದೆಯೆಂದು ಕೇಳದೆಯೇ ದಾರಿಯನ್ನು ಹಾಕಿದವರದು.

ಮಸೀದಿಯ ಮೆಟ್ಟಿಲ ಮೇಲೆ ಬಿಸಿಲು ಕಾಯಿಸುತ್ತಿದ್ದ ಹಿರಿಯರೊಬ್ಬರು ಮಗಳನ್ನು ಮಾತಾಡಿಸಿದರು. ಉರ್ದು ಮೇಷ್ಟರಾಗಿ ನಿವೃತ್ತರಾದವರು. ವಹಿಯನ್ನು ತೋರಿಸಿದೆವು. ಕನ್ನಡಕ ಏರಿಸಿಕೊಂಡು ಅವರು ಮೊದಲ ಹಾಳೆಯನ್ನು ಸರಾಗವಾಗಿ ಓದಿದರು. ಆಮದನಿ, ಖರ್ಚು ಎಂಬ ತಲೆಬರಹಗಳು. ಕೆಳಗೆ ಆಜುರ್ ಎಂಬ ತಿಂಗಳು, 1351 ಎಂಬ ವರ್ಷ. ಹಿಜರಿಯಾಗಿದ್ದರೆ ಈ ತಿಂಗಳ ಹೆಸರು ಹೊಂದುವುದಿಲ್ಲವಲ್ಲ ಎಂದು ಅವರು ತಡೆದರು. ನಿಜಾಮರ ಸೀಮೆಯಲ್ಲಿ ಫಸಲಿ ಲೆಕ್ಕ ನಡೆಯುತ್ತಿತ್ತು, 590 ಕೂಡಿಸಿದರೆ ಇಸವಿ ಸಿಗುತ್ತದೆಂದು ನಾವು ಹೇಳಿದೆವು. 1941. ಮುತ್ಯಾನಿಗೆ ಆಗ ಇಪ್ಪತ್ತರ ಆಸುಪಾಸು.

ಎರಡನೆಯ ಹಾಳೆಯಲ್ಲಿ ಹಿರಿಯರು ಎಡವಿದರು. “ಅಕ್ಷರಗಳು ನಮ್ಮವೇ, ಜನಾಬ್. ಮಾತು ನಮ್ಮದಲ್ಲ. ಪಾರಸಿಯೂ ಅಲ್ಲ, ದಖನಿಯೂ ಅಲ್ಲ,” ಎಂದರು. ಸುಮ್ಮನೆ ಅಕ್ಷರ ಕೂಡಿಸಿ ಉಚ್ಚರಿಸಿ ಎಂದು ಬೇಡಿಕೊಂಡೆವು. ಅವರು ಬೆರಳಿಟ್ಟು, ಮಗುವಿನಂತೆ ಒಂದೊಂದಾಗಿ ಕೂಡಿಸಿದರು: “ಜೋಲ... ಎರಡು... ಪಲ್ಲ.” ಮತ್ತೊಂದು ಸಾಲು: “ತಂಗಿಗಿ... ಸೀರಿ.” ಇನ್ನೊಂದು: “ಮಲಿ... ಬರಲಿಲ್ಲ.”

“ಮಲಿ ಅಲ್ಲ, ಮಳಿ!” ಎಂದು ಮಗಳು ಕೂಗಿದಳು. “ಮಳಿ ಬರಲಿಲ್ಲ ಅಂತ! ಕನ್ನಡ ಅಪ್ಪಾ ಇದು!”

ಹಿರಿಯರು ಅವಳತ್ತ ನೋಡಿದರು, ನಾವು ಹಿರಿಯರತ್ತ ನೋಡಿದೆವು. ಉರ್ದು ಲೆಕ್ಕವೆಂದು ಎರಡು ತಲೆಮಾರು ಕಟ್ಟಿಟ್ಟಿದ್ದ ಪುಸ್ತಕದ ಒಳಗಿದ್ದದ್ದು ನಮ್ಮ ಅಡುಗೆಮನೆಯ ಕನ್ನಡ. ಶಾಲೆ ಮುತ್ಯಾನಿಗೆ ತಲೆಬರಹಗಳನ್ನು ಕೊಟ್ಟಿತ್ತು. ಆಮದನಿ, ಖರ್ಚು, ತಾರೀಖುಗಳನ್ನು ಕೊಟ್ಟಿತ್ತು. ತಂಗಿಯ ಸೀರೆಗೂ ಬಾರದ ಮಳೆಗೂ ಶಾಲೆಯ ಬಳಿ ಮಾತಿರಲಿಲ್ಲ. ಅವನ್ನು ಆತ ಮನೆಯಿಂದ ತಂದುಕೊಂಡು, ಕೈಯಲ್ಲಿದ್ದ ಅಕ್ಷರಗಳಲ್ಲಿಯೇ ಇಳಿಸಿದ್ದ. ಆ ಅಕ್ಷರಗಳಲ್ಲಿ ಳಕಾರವಿರಲಿಲ್ಲ. ಇದ್ದ ಲಕಾರದಿಂದ ಹೇಗೋ ಸಾಗಿಸಿದ್ದ.

ಹಿರಿಯರು ಓದುತ್ತ ಹೋದರು, ಅರ್ಥವನ್ನು ನಾವು ಹಿಂದಿಯಲ್ಲಿ ಹೇಳುತ್ತ ಹೋದೆವು. ಎತ್ತಿಗೆ ಹುಣ್ಣಾದದ್ದು, ಸಾಹುಕಾರನ ಬಡ್ಡಿ, ಶರಣಬಸವೇಶ್ವರರ ಜಾತ್ರೆಗೆ ತೆಗೆದಿಟ್ಟ ಎಂಟಾಣೆ. ಮಗಳು ಚೀಲದಿಂದ ನೋಟ್‌ಬುಕ್ಕು ತೆಗೆದು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದಳು. ಗಂಟೆಯ ಮೇಲೆ, ಹಿರಿಯರಿಗೆ ನಮಾಜಿನ ಹೊತ್ತಾಯಿತೆಂದು ಎದ್ದಾಗ, ನಾವು ಆ ಹಾಳೆಗಳನ್ನು ನೋಡಿದೆವು. ಅವಳು ಬರೆದದ್ದು ಕನ್ನಡವನ್ನೇ. ಆದರೆ ನಾಗರಿ ಅಕ್ಷರಗಳಲ್ಲಿ. ಹಿಂದಿ ತರಗತಿಯಲ್ಲಿ ಕಲಿತ ಅಕ್ಷರಮಾಲೆಯಲ್ಲಿ ಳಕಾರವಿಲ್ಲ. ಕೂಗಿ ತಿದ್ದಿದ ಹುಡುಗಿಯೇ ಕಾಗದದ ಮೇಲೆ ‘ಮಲಿ’ ಎಂದು ಬರೆದಿದ್ದಳು.

ಮುತ್ಯಾನಿಗೆ ಶಾಲೆಯನ್ನು ಆರಿಸಿದ್ದು ರಾಜ್ಯ. ನಮ್ಮ ಮಗಳಿಗೆ ಶಾಲೆಯನ್ನು ಆರಿಸಿದವರು ನಾವು. ಲೋಧಿ ಎಸ್ಟೇಟಿನಲ್ಲಿ ದೆಹಲಿ ಕನ್ನಡ ಶಾಲೆಯಿದೆ, ದೂರವಾಗುತ್ತದೆ ಎಂದೆವು. ಮನೆಯಲ್ಲಿ ಕಲಿಸಿದರಾಯಿತು ಎಂದೆವು. ಹದಿಮೂರು ವರ್ಷಗಳಲ್ಲಿ ಆ ‘ಆಯಿತು’ ಆಗಲಿಲ್ಲ. ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿ, ಇಂಗ್ಲಿಷಿನಲ್ಲಿ ಪದವಿ ಪಡೆದು, ಹಿಂದಿಯಲ್ಲಿ ಕಡತ ಬರೆಯುವ ನಾವು, ಸಂಘದ ಸಭೆಗಳಲ್ಲಿ ಭಾಷೆಯ ಅಳಿವು ಉಳಿವಿನ ಬಗ್ಗೆ ಭಾಷಣವನ್ನೂ ಮಾಡಿದ್ದೇವೆ. ನಿಜಾಮರ ಮೇಲೆ ಹಾಕಲು ಸಿದ್ಧವಾಗಿದ್ದ ದೂರು ಆ ಮೆಟ್ಟಿಲ ಮೇಲೆ ನಮ್ಮ ಬಾಯಿಂದ ಹೊರಡಲಿಲ್ಲ.

ನೋಟ್‌ಬುಕ್ಕಿನ ಅಂಚಿನಲ್ಲಿ ಳಕಾರವನ್ನು ದೊಡ್ಡದಾಗಿ ಬರೆದು ತೋರಿಸಿದೆವು. ಅವಳು ಅದರ ಕೆಳಗೆ ನಾಲ್ಕು ಸಲ ತಿದ್ದಿದಳು. ನಾಲ್ಕನೆಯದು ಸುಮಾರಾಗಿ ಸರಿಯಾಯಿತು. ಹಿರಿಯರು ಬಗ್ಗಿ ನೋಡಿ, ಇದು ಯಾವ ಧ್ವನಿ ಎಂದು ಕೇಳಿದರು. ಮಗಳು ನಾಲಿಗೆಯನ್ನು ಹಿಂದಕ್ಕೆ ಮಡಿಸಿ ಹೇಗೆ ಹೇಳಬೇಕೆಂದು ಅವರಿಗೆ ಕಲಿಸಿದಳು. ಅವರು ಎರಡು ಬಾರಿ ಪ್ರಯತ್ನಿಸಿ ನಕ್ಕುಬಿಟ್ಟರು.

ವಹಿಯಲ್ಲಿ ಇನ್ನು ಅರುವತ್ತು ಹಾಳೆಗಳಿವೆ. ತಿಂಗಳಿಗೊಮ್ಮೆ ಬರಲು ಹಿರಿಯರು ಒಪ್ಪಿದ್ದಾರೆ. ಒಂದು ಕರಾರಿನ ಮೇಲೆ ಹೋಗುತ್ತಿದ್ದೇವೆ: ಓದುವವರು ಅವರು, ಬರೆದುಕೊಳ್ಳುವವಳು ಮಗಳು, ಬರೆಯುವುದು ಮಾತ್ರ ಕನ್ನಡದ ಅಕ್ಷರಗಳಲ್ಲಿ. ಈವರೆಗೆ ಒಂಬತ್ತು ಹಾಳೆಗಳಾಗಿವೆ. ಒತ್ತಕ್ಷರಗಳು ಇನ್ನೂ ತಪ್ಪುತ್ತವೆ. ಫಸಲಿ 1351ರಲ್ಲಿ, ಏಳನೆಯ ಹಾಳೆಯ ಕೊನೆಗೆ, ನಮ್ಮೂರಲ್ಲಿ ಮಳೆ ಬಂದಿದೆ.